ಬರಿಗಾಲ ಪಾದ್ರಿಯೂ ಫಿರಂಗಿ ಹಡಗೂ

ಕಾರವಾರ, ಅಂಕೋಲೆಯ ಕಡೆ ‘ಮಿಶನ್’ ಎಂಬ ಮಾತು ಎರಡು ಬಗೆಯಾಗಿ ಕೇಳಿಸುತ್ತದೆ. ಕೆಲವರಿಗೆ ಅದು ಶಾಲೆ, ದವಾಖಾನೆ, ರಜೆಯಲ್ಲಿ ಗುಂಪು ಕಟ್ಟಿಕೊಂಡು ಹಳ್ಳಿಗೆ ಸೇವೆಗೆಂದು ಬರುವ ಚರ್ಚಿನ ಹುಡುಗ ಹುಡುಗಿಯರು. ಇನ್ನು ಕೆಲವರಿಗೆ ಮತಾಂತರದ ಹುನ್ನಾರ. ಈ ಜಗಳ ಹೊಸದೆಂದು ನಮಗನ್ನಿಸುವುದಿಲ್ಲ. ನಮ್ಮ ಈ ಕಡಲ ದಂಡೆ ಎರಡು ಬಗೆಯ ಮಿಶನ್‌ಗಳನ್ನೂ ಕಂಡಿದೆ.

ಮೊದಲನೆಯದು ತೋಪಿನ ಜೊತೆ ಬಂತು. ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಲ್ಲಿ ವಾಸ್ಕೋ ಡ ಗಾಮ 1498ರಲ್ಲಿ ತಂಗಿದ. 1505ರಲ್ಲಿ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ. ನಡುವೆ 1502ರಲ್ಲಿ ಅದೇ ಗಾಮ ಮಕ್ಕೆಯಿಂದ ಮರಳುತ್ತಿದ್ದ ಹಾಜಿಗಳ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟಿದ್ದ. ಆ ಕಾಲದ ಫಿರಂಗಿಗಳ ಹಾವಳಿಯನ್ನು ಮಲಬಾರಿನ ಶೇಖ್ ಝೈನುದ್ದೀನ್ ಮಖ್ದೂಮರು ‘ತುಹ್ಫತುಲ್ ಮುಜಾಹಿದೀನ್’ನಲ್ಲಿ ಬರೆದಿಟ್ಟಿದ್ದಾರೆ. ಕರಾವಳಿಯ ಮುಸಲ್ಮಾನರಿಗೆ ಫಿರಂಗಿ ಎಂಬ ಶಬ್ದ ಕಹಿಯಾದದ್ದು ಸುಮ್ಮನೆ ಅಲ್ಲ. (ಅಂಜುದೀವದ ಇಗರ್ಜಿ ಈಗ ನೌಕಾನೆಲೆಯ ವಶದಲ್ಲಿದೆ. ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಗೋವೆಯ ಭಕ್ತರಿಗೂ ಆ ದಾರಿ ಮುಚ್ಚಿತು.)

ಎರಡನೆಯದು ಬರಿಗಾಲಲ್ಲಿ ಬಂತು. 1651ರಲ್ಲಿ ಗೋವೆಯ ಬೆಣಾವ್ಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಕೊಂಕಣಿ ಪಾದ್ರಿಯನ್ನು 1681ರಲ್ಲಿ ಕೆನರಾಕ್ಕೆ ಕಳುಹಿಸಲಾಯಿತು. ಆಗ ಕಾರವಾರ, ಅಂಕೋಲೆಗಳು ಬಿಜಾಪುರದವರ ಕೈಯಿಂದ ಮರಾಠರ ಕೈಗೆ ಹೋಗಿದ್ದವು. ದಕ್ಷಿಣಕ್ಕೆ ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆ. ಗೋವೆಯಿಂದ ಮಂಗಳೂರಿನವರೆಗಿನ ನೆಲದ ದಾರಿಯೆಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ಒಂದೊಂದಾಗಿ ದಾಟಬೇಕು. ಹೋದಲ್ಲಿ ಕಾದಿದ್ದದ್ದೇನು? ಪೋರ್ಚುಗೀಸ್ ದೊರೆಯ ಪಾದ್ರಿಗಳಿಗೂ ರೋಮ್ ನೇರವಾಗಿ ನೇಮಿಸಿದ ಬಿಷಪ್‌ಗೂ ಅಧಿಕಾರದ ಕಿತ್ತಾಟ. ನಡುವೆ ದಿಕ್ಕುಗಾಣದ ಬಡ ಕ್ರೈಸ್ತರು. ವಾಜ್ ಆ ಬಡವರ ಮನೆಗಳಿಗೆ ಹೋದರು. ಅವರ ಬೆನ್ನಿಗೆ ಯಾವ ಕೋಟೆಯೂ ಇರಲಿಲ್ಲ. ಬಿಳಿಯರ ಸನ್ಯಾಸಿ ಸಂಘಗಳು ಇಲ್ಲಿಯ ಪಾದ್ರಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು.

1687ರಲ್ಲಿ ಅವರು ಕೂಲಿಯ ವೇಷದಲ್ಲಿ ಸಿಂಹಳ ಸೇರಿದರು. ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಬೌದ್ಧ ಅರಸರ ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು. 1697ರಲ್ಲಿ ಸಿಡುಬು ಬಡಿದಾಗ ಜನ ತಮ್ಮ ರೋಗಿಗಳನ್ನೇ ಬಿಟ್ಟು ಓಡಿದರು. ಈ ಪಾದ್ರಿ ಉಳಿದು ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಉರ್ದುವಿನಲ್ಲಿ ನಾವು ಖಿದ್ಮತೆ ಖಲ್ಕ್ ಎನ್ನುವುದು ಇದಕ್ಕೇ. ಅದೇ ಕ್ಯಾಂಡಿಯ ಹಿಂದಿನ ದೊರೆ ಸೆನರತ್, 1626ರಲ್ಲಿ ಪೋರ್ಚುಗೀಸರು ಹೊರದಬ್ಬಿದ ಮುಸಲ್ಮಾನರಿಗೆ ನೆಲೆ ಕೊಟ್ಟಿದ್ದ. ಫಿರಂಗಿಯಿಂದ ನೊಂದವರೂ ಫಿರಂಗಿಯೆಂದು ಶಂಕೆಗೊಳಗಾದವನೂ ಒಂದೇ ನಾಡಿನಲ್ಲಿ ಆಸರೆ ಕಂಡರು. ವಾಜ್ 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ಫಿರಂಗಿ ಹಡಗುಗಳು ತಂದ ಇನ್ನೊಂದು ಸರಕಿನ ಮಾತು ಬಾಕಿಯಿದೆ. ಆಫ್ರಿಕಾದ ಪೂರ್ವ ದಂಡೆಯಿಂದ ಹಿಡಿದು ತಂದ ಗುಲಾಮರು ಗೋವೆಯಲ್ಲಿ ಮಾರಾಟವಾದರು. ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಮಕ್ಕಳು ಮೊಮ್ಮಕ್ಕಳೇ ಇಂದು ಅಂಕೋಲಾ, ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಬಹಳಷ್ಟು ಮಂದಿ. ಅರಬ್ ವ್ಯಾಪಾರಿಗಳೂ ಹಬಶಿಗಳನ್ನು ಮಾರಿದ್ದಾರೆ, ದಖನಿನ ಸುಲ್ತಾನರೂ ಕೊಂಡಿದ್ದಾರೆ. ಅದನ್ನು ಮರೆಮಾಚಿ ಚರ್ಚಿನ ಕಡೆಗೆ ಮಾತ್ರ ಬೆರಳು ತೋರಿಸುವುದು ನ್ಯಾಯವಲ್ಲ. ಹಾಗಿದ್ದರೂ ಸಿದ್ದಿಗಳ ಹಾಡಿಗೆ ಅಕ್ಕಿ, ಪುಸ್ತಕ ಹೊತ್ತು ಹೋಗುವ ಇಂದಿನ ಯುವಕರಿಗೆ ಯಾರಾದರೂ ಈ ಚರಿತ್ರೆ ಹೇಳಿ ಕಳುಹಿಸಬೇಕೆಂದು ನಮ್ಮ ಅಭಿಪ್ರಾಯ. ಹಳೆಯ ಸಾಲ ತೀರಿಸಲು ಹೋಗುವವನು ದಾನಿಯ ಠೀವಿಯಲ್ಲಿ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಕಾರವಾರಕ್ಕೆ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1976ರಲ್ಲಿ. ಮುಂಡಗೋಡಿನಲ್ಲಿ ಜೆಸ್ವಿಟ್ ಪಾದ್ರಿಗಳ ಲೊಯೋಲಾ ವಿಕಾಸ ಕೇಂದ್ರ ಸಿದ್ದಿ, ಗೌಳಿ ಮಕ್ಕಳ ಓದಿಗೆ ದುಡಿದಿದೆ. ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಈ ಮೂವರಿಗೂ ಅದು ಸಿಕ್ಕಿತು. ಹಳಿಯಾಳದ ಕಾಡಿನ ಸಿದ್ದಿ ಮುಸಲ್ಮಾನರ ಮನೆಗೆ ನಮ್ಮ ಜಮಾಅತಿನ ಹುಡುಗರು ಎಷ್ಟು ಸಲ ಹೋಗಿದ್ದಾರೆ, ಹೋದಾಗ ನಮಾಜಿನ ಮಾತಿನ ಜೊತೆ ಶಾಲೆಯ ಮಾತನ್ನೂ ಆಡಿದ್ದಾರೆಯೇ ಎಂದು ಕರಾವಳಿಯ ಅಂಜುಮನ್‌ಗಳನ್ನು ಕೇಳಬೇಕಾಗಿದೆ.