ಹನ್ನೊಂದರಿಂದ ಶುರುವಾದ ಲೆಕ್ಕ

ಇಂಗ್ಲಿಷ್ ಅಮರ ಚಿತ್ರಕಥೆಯ ಹಳೆಯ ಸಂಚಿಕೆಗಳನ್ನು ಕೂಡಿಡುವವರಿಗೆ ಮೊದಲು ಎದುರಾಗುವುದು ನಂಬರಿನ ಒಗಟು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಸಂಪಾದಿಸಿ, ರಾಮ್ ವಾಯಿರ್ಕರ್ ಚಿತ್ರ ಬರೆದ ‘ಕೃಷ್ಣ’ ಮಾಲೆಯ ಮೊದಲ ಪೌರಾಣಿಕ ಕಥೆ. ಆದರೆ ಅದರ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ?

ಉತ್ತರ ಬೆಂಗಳೂರಿನಲ್ಲಿದೆ.

ಮಾಲೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಇಲ್ಲಿನ ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಕನ್ನಡ ಚಿತ್ರಕಥೆಗಳು ಬಂದವು. ಅವು ಪುರಾಣಗಳಲ್ಲ, ಸಿಂಡರೆಲಾ, ಅಲ್ಲಾದೀನ, ಪಿನೋಕಿಯೊರಂಥ ಹೊರನಾಡಿನ ಕಥೆಗಳು. 1967ರಲ್ಲಿ ಪೈ ಅವರ ಇಂಗ್ಲಿಷ್ ಮಾಲೆ ಹೊರಟಾಗ ಆ ಹತ್ತರ ಮುಂದಿನಿಂದಲೇ ಎಣಿಕೆ ಸಾಗಿತು. ಮುಂದೆ ಮರುಮುದ್ರಣಗಳಲ್ಲಿ ‘ಕೃಷ್ಣ’ 501 ಆಯಿತು. ಹುಡುಕುವವರ ಪಟ್ಟಿಗೆ ಇನ್ನೊಂದು ತೊಡಕು ಸೇರಿತು.

ಆ ಮೊದಲ ಹತ್ತು ಈಗ ಅಪರೂಪ. ಮಕ್ಕಳ ಕೈಯಲ್ಲಿ ಓಡಾಡಿ ಸವೆದವೆಷ್ಟೋ, ರದ್ದಿಗೆ ತೂಕವಾಗಿ ಹೋದವೆಷ್ಟೋ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯೆದುರು ಕುಕ್ಕರಗಾಲಲ್ಲಿ ಕೂತವರು ರಕ್ಷಾಪುಟ ನೋಡಿ ತೃಪ್ತರಾಗುವುದಿಲ್ಲ. ಮಧ್ಯದ ಹಾಳೆ ಬಿಡಿಸಿ, ತುಕ್ಕು ಹಿಡಿದ ಪಿನ್ನುಗಳು ಕಾಗದವನ್ನು ತಿಂದಿವೆಯೇ ಎಂದು ಬೆರಳಾಡಿಸಿ, ಪುಟಗಳನ್ನು ಒಂದೊಂದಾಗಿ ಎಣಿಸುತ್ತಾರೆ.