ರಾಡಿನ ಮೇಲೆ ಜಾಗ ಯಾರಿಗೆ? ಮೂಳೆಗೆ ಹಾಕುವ ಲೋಹದ ಕಥೆ

ಬಳಿಚಕ್ರದಂಥ ಊರಾಗ ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದರೆ, ‘ರಾಡ್ ಹಾಕಿಸ್ರಿ’ ಅಂತಾರ. ಹಾಕಿಸಿದ ಮೇಲೆ ಮನೆಯವರಿಗೆ ಒಂದೇ ಭಯ, ಕೀವು. ಕೀವಾದರೆ ಮತ್ತೆ ಆಪರೇಷನ್, ತಿಂಗಳುಗಟ್ಟಲೆ ಕೂಲಿ ಇಲ್ಲ, ಮತ್ತೆ ಸಾಲ. ಈ ಭಯಕ್ಕೂ ಒಂದು ಇತಿಹಾಸ ಇದೆ ನೋಡ್ರಿ.

1865ರ ಆಗಸ್ಟ್. ಗ್ಲಾಸ್ಗೋದಲ್ಲಿ ಗಾಡಿಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಮೂಳೆ ಚರ್ಮ ಸೀಳಿ ಹೊರಬಂದರೆ ಕಾಲನ್ನೇ ತೆಗೆಯುತ್ತಿದ್ದ ಕಾಲ ಅದು. ಹುಡುಗನ ಕಾಲು ಉಳಿಯಿತು. ಅದೇ ಧೈರ್ಯದಿಂದ ಲಿಸ್ಟರ್ 1877ರಲ್ಲಿ ಲಂಡನ್ನಿನಲ್ಲಿ ಒಡೆದ ಮಂಡಿಚಿಪ್ಪನ್ನು ಬೆಳ್ಳಿ ತಂತಿಯಿಂದ ಬಿಗಿದರು. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ತೊಡೆಮೂಳೆಯ ಪೊಳ್ಳಿನೊಳಗೆ ಉಕ್ಕಿನ ಮೊಳೆ ಇಳಿಸಿದರು. ನಮ್ಮ ‘ರಾಡ್’ ಬಂದಿದ್ದು ಅಲ್ಲಿಂದಲೇ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್, ಮೊಲದ ಮೂಳೆ ಟೈಟಾನಿಯಂಗೆ ಬಿಡಿಸಲಾಗದಂತೆ ಬೆಸೆದುಕೊಂಡಿದ್ದನ್ನು ಕಂಡರು.

ದೇಹ ಲೋಹವನ್ನು ಒಪ್ಪಿತು, ಖರೆ. ಆದರ ಬ್ಯಾಕ್ಟೀರಿಯಾಕ್ಕೂ ಅದೇ ಜಾಗ ಬೇಕಲ್ಲ! 1957ರಲ್ಲಿ ಎಲೆಕ್ ಮತ್ತು ಕೊನೆನ್ ಸ್ವಯಂಸೇವಕರ ಚರ್ಮದ ಮೇಲೆ ಪರೀಕ್ಷೆ ಮಾಡಿದರು. ಕೀವಾಗಲು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಹತ್ತಾರು ಲಕ್ಷ ಬೇಕು. ಒಂದು ಹೊಲಿಗೆ ದಾರ ಒಳಗಿದ್ದರೆ ಕೆಲವೇ ನೂರು ಸಾಕು! ಹೊರಗಿನ ವಸ್ತುವಿಗೆ ರಕ್ತನಾಳ ಇಲ್ಲ. ಅದರ ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪೊರೆ ಕಟ್ಟಿಕೊಂಡರೆ ಔಷಧಿಯೂ ಸರಿಯಾಗಿ ನಾಟೋದಿಲ್ಲ. 1987ರಲ್ಲಿ ಆಂಥನಿ ಗ್ರಿಸ್ಟಿನಾ ಇದನ್ನು ಓಟದ ಪಂದ್ಯ ಅಂತ ವಿವರಿಸಿದರು: ಲೋಹದ ಮೇಲೆ ಮೊದಲು ಕೂರೋದು ಮೂಳೆಯ ಜೀವಕೋಶವೋ, ಬ್ಯಾಕ್ಟೀರಿಯಾವೋ?

ಪಂದ್ಯದಲ್ಲಿ ದೇಹವನ್ನು ಗೆಲ್ಲಿಸೋದೇ ಮುಂದಿನ ಕೆಲಸವಾಯಿತು. 1970ರಲ್ಲಿ ಜರ್ಮನಿಯ ಬುಖ್‌ಹೋಲ್ಜ್, ಕೀಲು ಕೂರಿಸುವ ಸಿಮೆಂಟಿಗೇ ಜೆಂಟಾಮೈಸಿನ್ ಬೆರೆಸಿದರು. ಆಮೇಲೆ ಬಂತು ನ್ಯಾನೊ ಲೇಪನ. ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣ ಬೆಳ್ಳಿ ಕಣಗಳನ್ನು ಲೋಹದ ಮೇಲೆ ಕೂರಿಸಿದರೆ ಬೆಳ್ಳಿಯ ಅಯಾನುಗಳು ನಿಧಾನವಾಗಿ ಬಿಡುಗಡೆಯಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ತೊಡಕು ಏನಂದರೆ, ಬೆಳ್ಳಿ ಹೆಚ್ಚಾದರೆ ಮೂಳೆಯ ಜೀವಕೋಶಕ್ಕೂ ಪೆಟ್ಟು. ಕಡಿಮೆಯಾದರೆ ಬ್ಯಾಕ್ಟೀರಿಯಾ ಉಳಿಯುತ್ತದೆ.

ಹಂಗಾರ ಔಷಧಿಯೇ ಇಲ್ಲದೆ ಕೊಲ್ಲಬಹುದಾ? ಸಿಕಾಡಾ ಕೀಟದ ರೆಕ್ಕೆಯ ಮೇಲಿನ ಸೂಕ್ಷ್ಮ ಮೊನೆಗಳು ಬ್ಯಾಕ್ಟೀರಿಯಾದ ಪೊರೆಯನ್ನು ಹರಿಯುತ್ತವೆ ಅಂತ 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಟೈಟಾನಿಯಂ ಮೇಲೆ ಅಂಥ ಮೊನೆಗಳನ್ನು ಕೊರೆಯಿತು. ಲೋಹ ಕಪ್ಪಗೆ ಕಾಣೋದರಿಂದ ಅದು ‘ಕಪ್ಪು ಟೈಟಾನಿಯಂ’. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೇಲ್ಮೈಗೆ ಅಂಟಿದ ಮೂರು ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಶೇ. 90ಕ್ಕಿಂತ ಹೆಚ್ಚು 4 ಗಂಟೆಯೊಳಗೆ ಸತ್ತಿದ್ದವು. ಆದರೆ ಮೂಳೆಗೆ ಹೆಚ್ಚು ಕಾಟ ಕೊಡುವ ಸ್ಟೆಫೈಲೊಕಾಕಸ್ ಆರಿಯಸ್ ಮೊಂಡು: 4 ಗಂಟೆಗೆ ಶೇ. 22, 24 ಗಂಟೆಗೆ ಶೇ. 76. ಮನುಷ್ಯರ ಕಾಂಡಕೋಶಗಳಿಗೆ ಮಾತ್ರ ತೊಂದರೆಯಾಗಲಿಲ್ಲ.

ಇದು ಪ್ರಯೋಗಾಲಯದ ಲೆಕ್ಕ, ವಾರ್ಡಿನದಲ್ಲ. ಲಿಸ್ಟರ್ ಕಲಿಸಿದ ಶುಚಿಯ ಪಾಠಕ್ಕೆ ಯಾವ ಲೇಪನವೂ ಇನ್ನೂ ಬದಲಿ ಆಗಿಲ್ಲ. ರಾಡ್ ಹಾಕಿಸಿಕೊಂಡವರಿಗೆ ಹೊಲಿಗೆಯ ಜಾಗ ಕೆಂಪಾದರೆ, ನೀರು ಸೋರಿದರೆ, ಜ್ವರ ಬಂದರೆ ಅರಿಶಿನ ಹಚ್ಚಿಕೊಂಡು ಮನ್ಯಾಗ ಕೂಡಬ್ಯಾಡ್ರಿ. ಲೋಳೆಪೊರೆ ಕಟ್ಟೋ ಮೊದಲೇ ಡಾಕ್ಟರ ಹತ್ತಿರ ಹೋಗ್ರಿ. ಪಂದ್ಯ ಗೆಲ್ಲಲು ಇವತ್ತಿಗೆ ನಮ್ಮ ಕೈಯಾಗ ಇರೋದು ಅದೇ.