ಒಣಮಣ್ಣಿನ ಚರಿತ್ರೆಯೂ ನಮ್ಮ ಮನೆಯ ಕೆಂಚನೂ

ತಣಿಸಂದ್ರದಲ್ಲಿ ಈಗ ಎಲ್ಲಿ ನೋಡಿದರೂ ಎಂ-ಸ್ಯಾಂಡ್ ರಾಶಿ. ಒಂದು ಕಟ್ಟಡ ಮುಗಿಯುವ ಹೊತ್ತಿಗೆ ಪಕ್ಕದ ಸೈಟಿನಲ್ಲಿ ಇನ್ನೊಂದರ ಪಾಯ ತೆಗೆದಿರುತ್ತಾರೆ. ಬೀದಿಯ ಬೆಕ್ಕುಗಳಿಗೆಲ್ಲ ಈ ರಾಶಿಗಳೇ ಸಾರ್ವಜನಿಕ ಶೌಚಾಲಯ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಂಥದೊಂದು ರಾಶಿಯ ಮೇಲೆ ನೆನೆದು ಕೂತಿದ್ದ ಕೆಂಪು ಮರಿಯನ್ನು ಎತ್ತಿಕೊಂಡು ಬಂದೆ. ಕೆಂಚ ಎಂದು ಹೆಸರಿಟ್ಟೆ. ಕೆಳಗಿನ ಮನೆಯಲ್ಲಿರುವ ಓನರ್ ಆಂಟಿ ನೋಡಿ, “ಸಾಕ್ಕೊಳ್ಳಮ್ಮ, ಪಾಪ. ಆದ್ರೆ ವಾಸನೆ ಮೆಟ್ಟಿಲಿಗೆ ಬಂತು ಅಂದ್ರೆ ನಾನು ಸುಮ್ಮನಿರಲ್ಲ” ಎಂದರು.

ಇಲ್ಲಿ ನನ್ನ ಸಂಶೋಧನೆಯ ವಿಷಯವನ್ನೂ ಹೇಳಿಬಿಡಬೇಕು. ಪ್ಲೇಗಿನ ಕಾಲದಿಂದ ಮುಂದಿನ ಅರ್ಧ ಶತಮಾನದಲ್ಲಿ ಬೆಂಗಳೂರಿನ ಜನರ ಮಲ ಎಲ್ಲಿಗೆ ಹೋಗುತ್ತಿತ್ತು, ಯಾರು ಒಯ್ಯುತ್ತಿದ್ದರು ಎಂಬುದೇ ನನ್ನ ಪಿಎಚ್.ಡಿ. ನೆಂಟರ ಮದುವೆಗಳಲ್ಲಿ ಯಾರಾದರೂ ಕೇಳಿದರೆ “ನಗರಾಡಳಿತದ ಇತಿಹಾಸ” ಎಂದಷ್ಟೇ ಹೇಳಿ ಊಟದ ಪಂಕ್ತಿಗೆ ಜಾರಿಕೊಳ್ಳುತ್ತೇನೆ. ಇಂಥವಳಿಗೆ ಒಂದು ಬೆಕ್ಕಿನ ಹೇಲು-ಉಚ್ಚೆ ಯಾವ ಲೆಕ್ಕ ಅಂದುಕೊಂಡಿದ್ದೆ.

ಲೆಕ್ಕ ತಪ್ಪಿತ್ತು. ನಮ್ಮ ಸಾಕುಬೆಕ್ಕಿನ ಪೂರ್ವಜರು ಮರುಭೂಮಿಯ ಅಂಚಿನ ಕಾಡುಬೆಕ್ಕುಗಳು. ಕಡಿಮೆ ನೀರು ಕುಡಿದು ಬದುಕುವ ದೇಹವಾದ್ದರಿಂದ ಮೂತ್ರ ಬಹಳ ಗಟ್ಟಿ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಏಳುತ್ತದೆ. ಇದು ಎಲ್ಲ ಪ್ರಾಣಿಗಳ ಕಥೆ. ಬೆಕ್ಕಿನದು ಇನ್ನೊಂದು ಹೆಜ್ಜೆ ಮುಂದೆ. ಅದರ ಮೂತ್ರದಲ್ಲಿ ಫೆಲಿನಿನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವಿದೆ; ಅದು ಒಡೆದಾಗಲೇ ಆ ಮೂಗು ಕಟ್ಟುವ ‘ಬೆಕ್ಕಿನ ವಾಸನೆ’. ಈ ಫೆಲಿನಿನ್ ತಯಾರಾಗುವುದರಲ್ಲಿ ಕಾಕ್ಸಿನ್ ಎಂಬ ಪ್ರೋಟೀನಿನ ಪಾತ್ರವಿದೆಯೆಂದು 2006ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬೀಜ ಒಡೆಸದ ಗಂಡುಬೆಕ್ಕಿನಲ್ಲಿ ಇದು ಅತಿ ಹೆಚ್ಚು. ಕೆಂಚ ಅಂಥವನೇ ಆಗಿದ್ದ. ಆಪರೇಷನ್ ಮಾಡಿಸಿದ ಮೇಲೆ ಅರ್ಧ ಸಮಸ್ಯೆ ತಾನಾಗಿಯೇ ಇಳಿಯಿತು. ಉಳಿದರ್ಧಕ್ಕೆ ಟ್ರೇಯಲ್ಲಿ ಏನು ತುಂಬುವುದು ಎಂಬ ಪ್ರಶ್ನೆ ಬಂತು.

ಫೆಲೋಶಿಪ್ಪಿನ ದುಡ್ಡು ತಿಂಗಳುಗಟ್ಟಲೆ ಬಾರದ ಕಾಲವದು. ಅಂಗಡಿಯ ಬೆಕ್ಕಿನ ಮರಳು ದುಬಾರಿ ಎನಿಸಿ ಮೊದಲು ಎಂ-ಸ್ಯಾಂಡನ್ನೇ ತಂದು ತುಂಬಿದೆ. ಮೂತ್ರವೆಲ್ಲ ಸೋಸಿ ತಳಕ್ಕೆ ಇಳಿದು ಅಲ್ಲೇ ನಿಂತಿತು. ರೋಣದಲ್ಲಿರುವ ಅಜ್ಜಿಗೆ ಫೋನ್ ಮಾಡಿದರೆ, “ಒಲಿ ಬೂದಿ ಹಾಕವಾ, ಎಲ್ಲಾ ನುಂಗ್ತೈತಿ” ಅಂದಳು. ತಣಿಸಂದ್ರದಲ್ಲಿ ಒಲೆ ಎಲ್ಲಿ? ಇಸ್ತ್ರಿ ಗಾಡಿಯವರ ಹತ್ತಿರ ಇದ್ದಿಲ ಬೂದಿ ಕೇಳಿ ತಂದೆ. ಹೇಲಿನ ಮಟ್ಟಿಗೆ ಅಜ್ಜಿಯ ಮಾತು ನಿಜ. ಬೂದಿ ಅದನ್ನು ಒಣಗಿಸಿ ಮುಚ್ಚಿಬಿಡುತ್ತದೆ. ಮೂತ್ರಕ್ಕೆ ಮಾತ್ರ ಆಗದು. ಬೂದಿ ಕ್ಷಾರವಾದ್ದರಿಂದ ಅಮೋನಿಯಾ ಇನ್ನಷ್ಟು ಬೇಗ ಗಾಳಿಗೆ ಏಳುತ್ತದೆ. ಸಾಲದ್ದಕ್ಕೆ ಎರಡನೆಯ ಅಧ್ಯಾಯದ ಕರಡಿನ ಮೇಲೆಲ್ಲ ಕೆಂಚನ ಬೂದಿಹೆಜ್ಜೆ. (ಗೈಡ್ ಬರೆದ ಟಿಪ್ಪಣಿಗಳಿಗಿಂತ ಅವು ಸ್ಪಷ್ಟವಾಗಿದ್ದವು.) ಮೂರನೆಯದಾಗಿ ಖಾಲಿ ಸೈಟಿನ ಕೆಂಪುಮಣ್ಣು ಜರಡಿ ಹಿಡಿದು, ತಾರಸಿಯ ಮೇಲೆ ಎರಡು ದಿನ ಒಣಗಿಸಿ ಹಾಕಿದೆ. ಮೊದಲ ದಿನ ಆಶ್ಚರ್ಯವೆಂಬಂತೆ ವಾಸನೆಯೇ ಇಲ್ಲ. ಮೂರನೆಯ ದಿನಕ್ಕೆ ಟ್ರೇ ಗದ್ದೆಯಾಗಿತ್ತು.

ಆ ಮೊದಲ ದಿನದ ಆಶ್ಚರ್ಯ ನನಗೆ ಎಲ್ಲೋ ಓದಿದ್ದನ್ನು ನೆನಪಿಸಿತು. ಎಲ್ಲೋ ಏನು, ನನ್ನದೇ ಪ್ರಬಂಧದ ಅಡಿಟಿಪ್ಪಣಿಯಲ್ಲಿತ್ತು.

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಫೋರ್ಡಿಂಗ್ಟನ್ ಎಂಬಲ್ಲಿ ಹೆನ್ರಿ ಮೋಲ್ ಎಂಬ ಪಾದ್ರಿ ಇದ್ದರು. 1849ರಲ್ಲೂ 1854ರಲ್ಲೂ ಕಾಲರಾ ಬಂದಾಗ ಊರ ಬಡವರ ಕೇರಿಗಳಲ್ಲಿ ಓಡಾಡಿ, ಆ ಜಮೀನಿನ ಒಡೆತನವಿದ್ದ ರಾಜಮನೆತನಕ್ಕೇ ಪತ್ರಗಳನ್ನು ಬರೆದ ಗಟ್ಟಿಗ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಲಂಡನ್ನಿನ ಪಾರ್ಲಿಮೆಂಟೇ ಮೂಗು ಮುಚ್ಚಿಕೊಂಡಿತ್ತು. ಅದರ ಮರುವರ್ಷ ಮೋಲ್ ತಮ್ಮ ಮನೆಯ ಮಲಗುಂಡಿಯನ್ನು ಮುಚ್ಚಿಸಿ, ಬಕೆಟ್ಟಿನಲ್ಲಿ ಬಂದದ್ದನ್ನು ತೋಟದ ಮಣ್ಣಿನಲ್ಲಿ ಹೂಳತೊಡಗಿದರು. ಮೂರು ನಾಲ್ಕು ವಾರ ಕಳೆದು ಅಗೆದು ನೋಡಿದರೆ ಅಲ್ಲಿ ಮಣ್ಣು ಬಿಟ್ಟು ಏನೂ ಇರಲಿಲ್ಲ. ಅದೇ ಮಣ್ಣನ್ನು ಒಣಗಿಸಿ ಮತ್ತೆ ಬಳಸಿದರೂ ಕೆಲಸ ಮಾಡಿತು. 1860ರಲ್ಲಿ ಅವರು ಪೇಟೆಂಟ್ ಪಡೆದ ‘ಒಣಮಣ್ಣಿನ ಕಕ್ಕಸು’ ಸರಳವಾದ ಯಂತ್ರ. ಹಿಂದೆ ಮಣ್ಣು ತುಂಬಿದ ಡಬ್ಬ. ಹಿಡಿ ಎಳೆದರೆ ಅಷ್ಟು ಮಣ್ಣು ಸುರಿದು ಕೆಳಗಿದ್ದುದನ್ನು ಮುಚ್ಚುತ್ತದೆ. ಮರಳು ಇದಕ್ಕೆ ಬಾರದು, ಜೇಡಿ ಬೆರೆತ ಮಣ್ಣೇ ಬೇಕು, ಅದೂ ಚೆನ್ನಾಗಿ ಒಣಗಿರಬೇಕು ಎಂಬುದು ಅವರ ಅನುಭವ. ಬೆಕ್ಕಿನ ಟ್ರೇ ಅಂದರೆ ಹಿಡಿಯಿಲ್ಲದ ಮೋಲ್ ಕಕ್ಕಸು, ಅಷ್ಟೇ. ಮಣ್ಣೆಳೆದು ಮುಚ್ಚುವ ಕೆಲಸವನ್ನು ಬೆಕ್ಕು ತಾನೇ ಮಾಡಿಕೊಳ್ಳುತ್ತದೆ.

ಹಾಗಾದರೆ ನನ್ನ ಕೆಂಪುಮಣ್ಣು ಯಾಕೆ ಸೋತಿತು? ಬೆಂಗಳೂರಿನ ಕೆಂಪುಮಣ್ಣಿನ ಜೇಡಿಯಲ್ಲಿ ಹೆಚ್ಚಿಗೆ ಇರುವುದು ಕೆಯೋಲಿನೈಟ್. ಅದು ನೀರು ಕುಡಿದು ಉಬ್ಬುವ ಜಾತಿಯದಲ್ಲ. ಉಬ್ಬುವುದು ಮಾಂಟ್‌ಮೊರಿಲೊನೈಟ್, ಅದರ ಪದರುಗಳ ನಡುವೆ ನೀರು ನುಗ್ಗಿ ಕೂತುಬಿಡುತ್ತದೆ. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಉಂಡೆಗಟ್ಟುವ ಬೆಕ್ಕಿನ ಮರಳು ಬೆಂಟೊನೈಟ್. ಅದರ ಮುಖ್ಯ ಖನಿಜ ಇದೇ. ನಮ್ಮ ದೇಶದಲ್ಲಿ ಕಛ್ ಮತ್ತು ಬಾರ್ಮೇರಿನ ಗಣಿಗಳಿಂದ ಅದನ್ನು ತೆಗೆಯುತ್ತಾರೆ. ನಮ್ಮ ರೋಣ-ನರಗುಂದದ ಕಡೆಯ ಎರೆಮಣ್ಣಿನಲ್ಲೂ ಇದೇ ಬಳಗದ ಜೇಡಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದರೆ ಉಬ್ಬಿ ಅಂಟಿಕೊಳ್ಳುವುದು ಅದಕ್ಕೇ. “ಎರಿ ಮಣ್ಣಂದ್ರ ಸಾಲಗಾರ ಇದ್ದಂಗ, ಒಮ್ಮೆ ಹಿಡಿದ್ರ ಕಾಲ ಬಿಡಂಗಿಲ್ಲ” ಎಂದು ಅಜ್ಜಿ ಹೇಳುವುದರಲ್ಲಿ ಖನಿಜಶಾಸ್ತ್ರವೇ ಇದೆ.

ಮೋಲ್ ಪದ್ಧತಿ ಇಂಗ್ಲೆಂಡಿನ ನಗರಗಳಲ್ಲಿ ಫ್ಲಷ್ ಕಕ್ಕಸಿನ ಎದುರು ಸೋತಿತು. ಭಾರತದಲ್ಲಿ ಮಾತ್ರ 1860ರ ದಶಕದಿಂದಲೇ ಜೈಲುಗಳಿಗೆ, ಸೇನೆಯ ಬ್ಯಾರಕ್‌ಗಳಿಗೆ ಬಂತು. ಆದರೆ ಇಲ್ಲಿಗೆ ಬಂದಾಗ ಅದರಲ್ಲೊಂದು ಭಾಗ ಕಳಚಿಬಿತ್ತು. ಆ ಹಿಡಿ. ಮಣ್ಣು ಸುರಿಯಲು, ಬಕೆಟ್ ಎತ್ತಲು, ಊರಾಚೆ ಒಯ್ಯಲು ಹುಟ್ಟಿನಿಂದಲೇ ನೇಮಕಗೊಂಡ ಜಾತಿಗಳಿದ್ದಾಗ ಯಂತ್ರಕ್ಕೆ ಯಾರು ದುಡ್ಡು ಕೊಡುತ್ತಾರೆ? 1898ರಲ್ಲಿ ಪ್ಲೇಗು ಬಂದ ಮೇಲೆ ಗಾಳಿ-ಬೆಳಕಿನ ಹೆಸರಿನಲ್ಲಿ ಬೆಳೆದ ಮಲ್ಲೇಶ್ವರದಲ್ಲಿ ಇವತ್ತಿಗೂ ಮನೆಗಳ ಬೆನ್ನುಗಳ ನಡುವೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಕಾಣುತ್ತವೆ. ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಬಂದುಹೋಗಲು ಬಿಟ್ಟ ದಾರಿಗಳು ಅವು. ವಾಸನೆಯ ಜೊತೆ ಮನುಷ್ಯರನ್ನೂ ಮನೆಯ ಹಿಂದಕ್ಕೆ ಇಟ್ಟ ನಕ್ಷೆ.

ಇದೇ ಮಣ್ಣಿನ ವಿದ್ಯೆಗೆ ನಮ್ಮ ಊರಿನ ಹೆಸರೂ ಇದೆ. 1939ರಲ್ಲಿ ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಊರ ಕಸ ಮತ್ತು ಮಲವನ್ನು ಗೊಬ್ಬರ ಮಾಡುವ ವಿಧಾನವೊಂದನ್ನು ರೂಪಿಸಿದರು. ಗುಂಡಿ ತೋಡಿ ಒಂದು ಪದರ ಕಸ, ಅದರ ಮೇಲೆ ತೆಳುವಾಗಿ ಒಂದು ಪದರ ಮಲ, ಮತ್ತೆ ಕಸ. ಹೀಗೇ ತುಂಬಿ ಮೇಲೆ ಮಣ್ಣಿನಿಂದ ಮುಚ್ಚಿ ತಿಂಗಳುಗಟ್ಟಲೆ ಬಿಡುವುದು. ಕೃಷಿ ಪಠ್ಯಗಳಲ್ಲಿ ಅದಕ್ಕೆ ಇವತ್ತಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಗುಂಡಿಯೊಳಗಿನ ಉಷ್ಣತೆ, ಸಾರಜನಕ ಎಲ್ಲವೂ ಪಠ್ಯದಲ್ಲಿ ಬರುತ್ತವೆ. ಗುಂಡಿಯವರೆಗೆ ಮಲವನ್ನು ತಂದ ಕೈಗಳು ಅಲ್ಲಿಲ್ಲ.

ಇನ್ನು ಬೆಕ್ಕಿನ ಮರಳು ಎಂಬ ಸರಕಿನ ಹುಟ್ಟು ಚಿಕ್ಕ ಕಥೆ. 1947ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ, ಚಳಿಗೆ ತನ್ನ ಮರಳಿನ ರಾಶಿ ಹೆಪ್ಪುಗಟ್ಟಿದೆಯೆಂದು ನೆರೆಯಾಕೆಯೊಬ್ಬಳು ಬೆಕ್ಕಿನ ಪೆಟ್ಟಿಗೆಗೆ ಏನಾದರೂ ಕೊಡಿ ಎಂದು ಎಡ್ ಲೋ ಎಂಬ ಯುವಕನನ್ನು ಕೇಳಿದಳು. ಕಾರ್ಖಾನೆಯ ನೆಲದ ಎಣ್ಣೆ ಹೀರುವ ಜೇಡಿಹರಳು ಮಾರುವುದು ಅವನ ಮನೆಯ ವ್ಯಾಪಾರ. ಅದನ್ನೇ ಕೊಟ್ಟ, ನಮ್ಮ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಸಂಬಂಧಿ ಅದು. ಆಕೆ ಮತ್ತೆ ಕೇಳಿ ಬಂದಳು. ‘ಕಿಟ್ಟಿ ಲಿಟರ್’ ಎಂದು ಚೀಲದ ಮೇಲೆ ಬರೆದು ಐದು ಪೌಂಡಿಗೆ 65 ಸೆಂಟಿನಂತೆ ಮಾರಲು ಹೊರಟ. ಉಂಡೆಗಟ್ಟುವ ಬೆಂಟೊನೈಟ್ ಬಂದದ್ದು 1980ರ ದಶಕದಲ್ಲಿ. ಅದರಿಂದಾಗಿಯೇ ಬೆಕ್ಕು ಫ್ಲಾಟಿನೊಳಗೆ ಕಾಯಂ ಆಯಿತೆಂದು ನನ್ನ ಅನಿಸಿಕೆ.

ನಾನೂ ಕೊನೆಗೆ ಬೆಂಟೊನೈಟಿಗೇ ಶರಣಾದೆ. ಕೆಂಚನ ಉದ್ದದ ಒಂದೂವರೆಯಷ್ಟು ದೊಡ್ಡ ಟ್ರೇ, ಮುಚ್ಚಳವಿಲ್ಲದ್ದು. ಎರಡು-ಮೂರು ಇಂಚು ಮರಳು. ಬೆಳಿಗ್ಗೆ ಸಂಜೆ ಎರಡು ಹೊತ್ತು ಉಂಡೆ ತೆಗೆಯುವುದು. ಇದನ್ನು ತಪ್ಪಿಸಿದರೆ ಉಳಿದ ಯಾವ ಉಪಾಯವೂ ಇಲ್ಲ. ತಿಂಗಳಿಗೊಮ್ಮೆ ಪೂರ್ತಿ ಚೆಲ್ಲಿ, ಟ್ರೇಯನ್ನು ಬಿಸಿನೀರು, ಪಾತ್ರೆ ಸೋಪಿನಲ್ಲಿ ತೊಳೆದು ಬಿಸಿಲಿಗಿಡುವುದು. ಉಗುರಿನ ಗೀರುಗಳಲ್ಲಿ ವಾಸನೆ ಕೂರುವುದರಿಂದ ಪ್ಲಾಸ್ಟಿಕ್ ಟ್ರೇಯನ್ನೇ ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು. ಫಿನಾಯಿಲ್ ಮಾತ್ರ ಬೇಡವೇ ಬೇಡ; ಫೀನಾಲನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು, ಅದು ಅವಕ್ಕೆ ವಿಷ. ಬ್ಲೀಚ್ ಕೂಡ ಬೇಡ, ಅಮೋನಿಯಾದ ಜೊತೆ ಸೇರಿ ಕೆಟ್ಟ ಅನಿಲವಾಗುತ್ತದೆ. ಸುಗಂಧದ ಮರಳನ್ನು ಕೆಂಚ ಮೂಸಿ ನೋಡಿ ನನ್ನ ಹಾಸಿಗೆಗೆ ಹೋದ, ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಆರು ತಿಂಗಳಿಗೆ ಓನರ್ ಆಂಟಿ ಮೇಲೆ ಬಂದವರು, “ಬೆಕ್ಕಿದೆ ಅಂತಾನೇ ಗೊತ್ತಾಗಲ್ವಲ್ಲಮ್ಮ” ಎಂದರು. ಅವತ್ತು ನನಗಾದ ಹೆಮ್ಮೆ ಜರ್ನಲಿನಲ್ಲಿ ಲೇಖನ ಬಂದಾಗಲೂ ಆಗಿರಲಿಲ್ಲ.

ಮುಂದಿನ ವಾರವೇ ಇರಬೇಕು. ಕಸದ ಆಟೊ ಬಂದಿತ್ತು. ನಾನು ಎಂದಿನಂತೆ ಕಪ್ಪು ಕವರೊಂದನ್ನು ಒಣಕಸದ ಚೀಲದೊಳಗೆ ತುರುಕಿ ಗೇಟಿನ ಹತ್ತಿರ ಇಟ್ಟಿದ್ದೆ. ಆಟೊದ ಅಕ್ಕ ಚೀಲ ಬಿಚ್ಚಿ ಬಾಟಲಿ, ರಟ್ಟು ಬೇರೆ ಮಾಡುತ್ತಿದ್ದರು. ಅದು ಅವರ ದಿನದ ಕೆಲಸ. ಕವರು ಭಾರಕ್ಕೆ ಹರಿದು ಒಳಗಿದ್ದುದೆಲ್ಲ ಅವರ ಕೈಮೇಲೆ, ಸೀರೆಯ ಮೇಲೆ ಬಿತ್ತು. ಬಲಗೈಗೆ ಗ್ಲೌಸ್ ಇತ್ತು, ಎಡಗೈಗೆ ಇರಲಿಲ್ಲ. ಬೂದುಬಣ್ಣದ ಉಂಡೆ ಎತ್ತಿ ನೋಡಿ, “ಏನ್ ಮೇಡಂ ಇದು, ಸಿಮೆಂಟಾ?” ಎಂದರು. ಆಮೇಲೆ ಒಡೆದ ಉಂಡೆಯ ವಾಸನೆ ಬಂತು. ಮೂರು ದಿನ ಕಟ್ಟಿಟ್ಟ ಅಮೋನಿಯಾ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಪೈಪಿನ ನೀರು ಬಿಟ್ಟೆ, ಸೋಪು ತಂದುಕೊಟ್ಟೆ. ಕೈ ತೊಳೆಯುತ್ತ ಅವರು ಅಂದದ್ದು ಇಷ್ಟೇ: “ಹೇಳಿದ್ರೆ ಬೇರೆ ಇಡ್ತಿದ್ವಲ್ಲ ಮೇಡಂ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಗಾದೆ ನನಗೇ ತಾಗಿತು. ಆ ವಾರ ನಾನು ಬರೆಯುತ್ತಿದ್ದ ಅಧ್ಯಾಯ ಯಾವುದೆಂದರೆ, 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರಕಾರದ ಸಚಿವ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರ ಕುರಿತದ್ದು. ದೇಶದ ಕಾನೂನು ಅಲ್ಲಿಗೆ ತಲುಪಿದ್ದು 1993ರಲ್ಲಿ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರ ವರದಿಯಲ್ಲಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕೆಂದು ಹೇಳಿತ್ತು. ಇಷ್ಟಾದರೂ ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲಿ ಒಣಕಕ್ಕಸುಗಳು ಉಳಿದೇ ಇದ್ದವು. ಅವುಗಳ ವಿರುದ್ಧ ಹೋರಾಟಕ್ಕಿಳಿದವರು ಅಲ್ಲಿಯ ಮಲ ಹೊರುವ ಕುಟುಂಬದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್. ಇದನ್ನೆಲ್ಲ ಸೆಮಿನಾರುಗಳಲ್ಲಿ ಗಂಟಲುಬ್ಬಿಸಿ ಹೇಳಿದ್ದೇನೆ. ಹೇಳಿ ಮನೆಗೆ ಬಂದು ಕಪ್ಪು ಕವರಿಗೆ ಗಂಟು ಹಾಕಿದ್ದೇನೆ. ಬೆಂಟೊನೈಟ್ ವಾಸನೆಯನ್ನು ಹಿಡಿದಿಟ್ಟಿತ್ತೇ ಹೊರತು ಇಲ್ಲವಾಗಿಸಿರಲಿಲ್ಲ. ನನ್ನ ಮೂಗಿನಿಂದ ದಾಟಿಸಿತ್ತು ಅಷ್ಟೇ.

ದಾಟಿಸುವುದರಲ್ಲಿ ನಮ್ಮ ಉತ್ತರ ಬೆಂಗಳೂರಿಗೆ ಅನುಭವವಿದೆ. ಯಲಹಂಕದಾಚೆಯ ಮಾವಳ್ಳಿಪುರಕ್ಕೆ ವರ್ಷಗಟ್ಟಲೆ ನಗರದ ಕಸ ಹೋಯಿತು. ಬಾವಿಯ ನೀರು ಕೆಟ್ಟು, ಊರವರು ತಿರುಗಿಬಿದ್ದು, 2012ರಲ್ಲಿ ಅದು ನಿಂತಾಗ ಕಸ ನಗರದ ಬೀದಿಗಳಲ್ಲೇ ರಾಶಿ ಬಿತ್ತು. ಆಗಷ್ಟೇ ನಮಗೆಲ್ಲ ವಾಸನೆ ಬಂದದ್ದು. ಅದರ ಮುಂದುವರಿಕೆಯಾಗಿ ಹೈಕೋರ್ಟು 2015ರಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ದ ಆದೇಶ ಕೊಟ್ಟಿತು. ಹಸಿರು ಬುಟ್ಟಿಗೆ ಹಸಿಕಸ, ಚೀಲಕ್ಕೆ ಒಣಕಸ, ಕೆಂಪು ಬುಟ್ಟಿಗೆ ಡೈಪರು, ಪ್ಯಾಡುಗಳಂಥವು. ಬೆಕ್ಕಿನ ಮರಳಿನ ಜಾಗ ಕೆಂಪು ಬುಟ್ಟಿ. ಹಸಿಕಸಕ್ಕೆ ಸೇರಿಸಿದರೆ ಗೊಬ್ಬರದ ಮೂಲಕ ತರಕಾರಿಗೆ ಹೋದೀತು. ಬೆಕ್ಕಿನ ಹೇಲಿನಲ್ಲಿ ಟಾಕ್ಸೊಪ್ಲಾಸ್ಮಾ ಪರೋಪಜೀವಿಯ ಮೊಟ್ಟೆಗಳಿದ್ದರೆ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಗರ್ಭಿಣಿಯರಿಗೆ ಅದು ಅಪಾಯ. ಹೊರಬಿದ್ದ ಮೇಲೆ ಸೋಂಕು ಹರಡುವಷ್ಟು ಬಲಿಯಲು ಅವಕ್ಕೆ ಒಂದರಿಂದ ಐದು ದಿನ ಬೇಕು. ದಿನವೂ ತೆಗೆಯಬೇಕೆನ್ನುವುದಕ್ಕೆ, ಮೂರು ದಿನ ಕಟ್ಟಿಡಬಾರದೆನ್ನುವುದಕ್ಕೆ ಅದೂ ಕಾರಣ.

ಈಗ ಉಂಡೆಗಳನ್ನು ಆಯಾ ದಿನವೇ ಹಳೆಯ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಕೆಂಪು ಪೆನ್ನಿನಲ್ಲಿ ‘ಬೆಕ್ಕು’ ಎಂದು ಬರೆಯುತ್ತೇನೆ. ಅಕ್ಕನಿಗೆ ಕನ್ನಡ ಓದಲು ಬರುವುದಿಲ್ಲವೆಂದು ತಿಳಿದ ಮೇಲೆ ಎರಡು ಕಿವಿ, ಮೀಸೆಯ ಚಿತ್ರ ಬಿಡಿಸುತ್ತೇನೆ. ಆಟೊದ ಹಾಡು ಕೇಳಿದೊಡನೆ ನಾನೇ ಕೆಳಗಿಳಿದು, ಹಿಂದಿನ ಕೆಂಪು ಡ್ರಮ್ಮಿಗೆ ಹಾಕಿ ಬರುತ್ತೇನೆ.

ಮೊನ್ನೆ ಕೈಯಲ್ಲಿ ಎರಡು ಪೊಟ್ಟಣವಿತ್ತು.

“ಇವತ್ತು ಎರಡಾ ಮೇಡಂ?”

“ಹೂಂ ಅಕ್ಕ, ನಿನ್ನೆ ಗಾಡಿ ಬರಲಿಲ್ಲವಲ್ಲ.”

ಡ್ರಮ್ಮು ಒಳಗೆ ದೂರವಿತ್ತು, ನನ್ನ ಕೈ ಎಟುಕಲಿಲ್ಲ. ಅವರು ಒಮ್ಮೆ ಪೊಟ್ಟಣದ ಗಂಟು ನೋಡಿ, “ಕೊಡಿ ಇಲ್ಲಿ” ಎಂದು ಕೈಚಾಚಿದರು.